ಪೇಪರಿನಲ್ಲಿ ಸ್ಥಿರ, ಮೇಜಿನ ಮೇಲೆ ಬೀಳುವ ಗುಂಡು: ಅರೇಖೀಯ ನಿಯಂತ್ರಣದಲ್ಲಿ ಅಡಚಣೆಯನ್ನು ಹೇಗೆ ನಿಭಾಯಿಸುವುದು?

ತುಂಗಾತೀರ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗಾಗಿ ಕಾಂತಬಲದಿಂದ ಗುಂಡನ್ನು ತೇಲಿಸುವ ಉಪಕರಣವೊಂದನ್ನು ಕಟ್ಟಿದ್ದೇನೆ. ಮೇಲೆ ವಿದ್ಯುತ್ಕಾಂತದ ಸುರುಳಿ, ಅದರ ಕೆಳಗೆ ಗಾಳಿಯಲ್ಲೇ ನಿಲ್ಲಬೇಕಾದ ಉಕ್ಕಿನ ಗುಂಡು. ಗುಂಡು ಎಲ್ಲಿದೆ ಎಂದು ನೋಡಲು ಒಂದು ಕಡೆ ಎಲ್‌ಇಡಿ, ಎದುರು ಕಡೆ ಫೋಟೊಡಯೋಡ್. ನಡುವಿನ ಅಂತರ 10 ಮಿ.ಮೀ. ಇದ್ದಾಗ ಗುಂಡನ್ನು ಹಿಡಿದಿಡಲು 1.5 ಆಂಪಿಯರ್ ಬೇಕು. ಆಂಪ್ಲಿಫೈಯರ್ 2 ಆಂಪಿಯರ್‌ಗಿಂತ ಹೆಚ್ಚು ಕೊಡುವುದಿಲ್ಲ.

ಕಾಂತದ ಸೆಳೆತ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂತರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆ ಅರೇಖೀಯತೆಯನ್ನು (ಬಲ ನೇರ ಅನುಪಾತದಲ್ಲಿ ಬದಲಾಗದಿರುವುದನ್ನು) ಫೀಡ್‌ಬ್ಯಾಕ್ ಲೀನಿಯರೈಸೇಶನ್‌ನಿಂದ, ಅಂದರೆ ಅಳತೆ ನೋಡಿ ಲೆಕ್ಕ ಹಾಕಿದ ಕರೆಂಟಿನಿಂದ ರದ್ದುಗೊಳಿಸಿ, ಉಳಿದದ್ದಕ್ಕೆ ಸ್ಥಾನ ಮತ್ತು ವೇಗದ ಗೇನ್ (ದೋಷವನ್ನು ಗುಣಿಸುವ ಸಂಖ್ಯೆ) ಹಾಕಿದ್ದೇನೆ. ಗುಂಡು ಎಷ್ಟು ಬೇಗ ಮರಳುತ್ತದೆ ಎಂದು ಹೇಳುವ ಪೋಲ್‌ಗಳು ಎರಡೂ −30ರಲ್ಲಿವೆ, ಅಂದರೆ ಸ್ಥಾನದ ಗೇನ್ 900, ವೇಗದ ಗೇನ್ 60. ಲ್ಯಾಪುನೊವ್ ಫಲನ (ಸಮತೋಲನದತ್ತ ಹೋದಂತೆ ಇಳಿಯುವ, ಶಕ್ತಿಯಂಥ ಅಳತೆ) ಬರೆದು, ಗ್ಲೋಬಲ್ ಅಸಿಂಪ್ಟೋಟಿಕ್ ಸ್ಥಿರತೆ ಇದೆ, ಅಂದರೆ ಗುಂಡು ಎಲ್ಲಿಂದ ಹೊರಟರೂ ಸಮತೋಲನಕ್ಕೆ ಮರಳುತ್ತದೆ ಎಂದು ಗಣಿತದಿಂದ ಸಾಧಿಸಿಯೂ ಆಗಿದೆ.

ಗುಂಡು ನಿಲ್ಲುತ್ತದೆ. ಆದರೆ ಅದರ ತೂಕದ ಶೇ. 10ರಷ್ಟು ಜೇಡಿಮಣ್ಣನ್ನು ಕೆಳಗೆ ಅಂಟಿಸಿದರೆ ಸುಮಾರು ಒಂದು ಮಿ.ಮೀ. ಕುಸಿದು ಅಲ್ಲೇ ಉಳಿದುಬಿಡುತ್ತದೆ. ಶೇ. 20 ಅಂಟಿಸಿದರೆ ಬೀಳುತ್ತದೆ. ಇನ್ನೊಂದು ವಿಚಿತ್ರ: ಸಂಜೆಯ ಹೊತ್ತು ಗುಂಡು ಸಣ್ಣಗೆ ನಡುಗುತ್ತದೆ, ಮಧ್ಯಾಹ್ನ ನಡುಗುವುದಿಲ್ಲ.

ಸಾಧನೆಯಲ್ಲಿ ಹುಳುಕಿಲ್ಲ, ಗೈಡ್ ಕೂಡ ನೋಡಿದ್ದಾರೆ. ಹಾಗಾದರೆ ಇಂಥ ಅಡಚಣೆಯನ್ನು (ಲೆಕ್ಕದಲ್ಲಿಲ್ಲದೆ ಬರುವ ತೊಂದರೆಯನ್ನು) ಎಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಸ್ಲೈಡಿಂಗ್ ಮೋಡ್, ಡಿಸ್ಟರ್ಬೆನ್ಸ್ ಅಬ್ಸರ್ವರ್, ಬ್ಯಾಕ್‌ಸ್ಟೆಪಿಂಗ್ ಹೀಗೆ ಹತ್ತಾರು ಹೆಸರುಗಳನ್ನು ಓದಿದ್ದೇನೆ. ಯಾವುದನ್ನು ಹಿಡಿಯಬೇಕೆಂದು ತಿಳಿಯುತ್ತಿಲ್ಲ.

ಹಳೇರಿಲೇ · ಸೋಮವಾರ, ರಾತ್ರಿ 10:15

ಇಷ್ಟೆಲ್ಲ ಬರೆದಿದ್ದೀರಿ, ಇಂಟಿಗ್ರೇಟರ್ (ದೋಷವನ್ನು ಕಾಲದೊಂದಿಗೆ ಕೂಡುತ್ತಾ ಹೋಗುವ ಪದ) ಎಂಬ ಮಾತೇ ಇಲ್ಲವಲ್ಲ? ಸ್ಥಾನ ಮತ್ತು ವೇಗ ಮಾತ್ರ ನೋಡುವ ನಿಯಂತ್ರಕಕ್ಕೆ ಹೆಚ್ಚಿನ ಬಲ ಕೊಡಲು ಇರುವುದು ಒಂದೇ ದಾರಿ: ಗುಂಡು ಕೆಳಗೆ ಸರಿಯಬೇಕು. ಸರಿದಷ್ಟೂ ಬಲ. ಹಾಗಾಗಿ ಕುಸಿದು ನಿಲ್ಲುವುದು ದೋಷವಲ್ಲ, ನೀವು ಹೇಳಿದ್ದನ್ನೇ ಅದು ಮಾಡುತ್ತಿದೆ.

ಇಂಟಿಗ್ರೇಟರ್ ಸಾಲ ವಸೂಲಿಗೆ ಬಂದವನ ಹಾಗೆ. ಬಾಕಿ ಪೂರ್ತಿ ತೀರುವವರೆಗೆ ಬಾಗಿಲು ಬಿಟ್ಟು ಕದಲುವುದಿಲ್ಲ. ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ ಡ್ರೈವ್‌ಗಳಲ್ಲಿ ನನ್ನ ಸೇವೆ ಪೂರ್ತಿ ಕಳೆಯಿತು. ಅಲ್ಲಿ ಲ್ಯಾಪುನೊವ್ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಇಂಟಿಗ್ರೇಟರ್ ಇಲ್ಲದ ಡ್ರೈವನ್ನು ಯಾರೂ ಒಪ್ಪುತ್ತಲೂ ಇರಲಿಲ್ಲ.

ಚಾಟರ್‌ಪ್ರಿಯ · ಸೋಮವಾರ, ರಾತ್ರಿ 10:52

ಹಳೇರಿಲೇ ಸರ್, ಇಂಟಿಗ್ರೇಟರ್ ಬದಲಾಗದ ಅಡಚಣೆಗೆ ಸರಿ. ನಾಳೆ ಯಾರಾದರೂ ಗುಂಡಿಗೆ ಗಾಳಿ ಊದಿದರೆ?

ತುಂಗಾತೀರ ಅವರೇ, ಸ್ಲೈಡಿಂಗ್ ಮೋಡ್ ನೋಡಿ. ಸೋವಿಯತ್ ಒಕ್ಕೂಟದಲ್ಲಿ ಎಮೆಲ್ಯಾನೊವ್ ಮತ್ತವರ ಸಂಗಡಿಗರು ಬೆಳೆಸಿದ ದಾರಿ ಅದು. ಉಟ್ಕಿನ್ ಅವರ 1977ರ ಇಂಗ್ಲಿಷ್ ಲೇಖನದ ನಂತರ ಎಲ್ಲೆಡೆ ಹಬ್ಬಿತು. ಸ್ಥಾನದ ದೋಷ ಮತ್ತು ವೇಗವನ್ನು ಸೇರಿಸಿ ಒಂದು ಮೇಲ್ಮೈ ಎಳೆಯುತ್ತೀರಿ. ಸ್ಥಿತಿ ಅದರ ಒಂದು ಪಕ್ಕದಲ್ಲಿದ್ದರೆ ಪೂರ್ಣ ಬಲದಿಂದ ಇತ್ತ ತಳ್ಳು, ಇನ್ನೊಂದು ಪಕ್ಕದಲ್ಲಿದ್ದರೆ ಅತ್ತ ತಳ್ಳು. ಅಡಚಣೆಯ ಗರಿಷ್ಠ ಪ್ರಮಾಣ ಇಷ್ಟು ಎಂದು ಗೊತ್ತಿದ್ದು, ನಿಮ್ಮ ತಳ್ಳುವಿಕೆ ಅದಕ್ಕಿಂತ ಹೆಚ್ಚಿದ್ದರೆ ಮುಗಿಯಿತು. ಸ್ಥಿತಿ ಮೇಲ್ಮೈಯನ್ನು ತಲುಪುತ್ತದೆ, ಆಮೇಲೆ ಆ ಅಡಚಣೆ ಇದೆಯೋ ಇಲ್ಲವೋ ಎಂಬುದೇ ಗುಂಡಿಗೆ ತಿಳಿಯುವುದಿಲ್ಲ. ಜೇಡಿಮಣ್ಣಾಗಲಿ, ಗಾಳಿಯಾಗಲಿ, ಎರಡಕ್ಕೂ ಒಂದೇ ಉತ್ತರ.

ಶೂನ್ಯಾಭಿಮುಖ · ಮಂಗಳವಾರ, ಬೆಳಿಗ್ಗೆ 7:05

ಪ್ರಶ್ನೆಯ ಮುಖ್ಯ ಭಾಗಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಸಾಧನೆಯಲ್ಲಿ ತಪ್ಪಿಲ್ಲದೆಯೂ ಗುಂಡು ಏಕೆ ಬಿದ್ದಿತು?

ಅಸಿಂಪ್ಟೋಟಿಕ್ ಸ್ಥಿರತೆ ಎಂದರೆ ಅಡಚಣೆ ಸೊನ್ನೆ ಇದ್ದಾಗ ಸ್ಥಿತಿ ಸಮತೋಲನಕ್ಕೆ ಮರಳುತ್ತದೆ ಎಂಬ ಹೇಳಿಕೆ, ಅಷ್ಟೇ. ಅಡಚಣೆ ಸೊನ್ನೆಯಲ್ಲದಾಗ ಏನಾಗುತ್ತದೆ ಎಂಬುದರ ಬಗ್ಗೆ ಅದು ಮೌನವಾಗಿದೆ. ರೇಖೀಯ ವ್ಯವಸ್ಥೆಗಳಲ್ಲಿ ಈ ಮೌನ ಅಪಾಯಕಾರಿಯಲ್ಲ. ಸ್ಥಿರವಾದ ರೇಖೀಯ ವ್ಯವಸ್ಥೆಗೆ ಸೀಮಿತ ಅಡಚಣೆ ಕೊಟ್ಟರೆ ಸ್ಥಿತಿಯೂ ಸೀಮಿತವಾಗಿಯೇ ಉಳಿಯುತ್ತದೆ, ಬೇರೆ ಸಾಧನೆ ಬೇಕಿಲ್ಲ. ನಾವೆಲ್ಲ ಮೊದಲು ಕಲಿಯುವುದು ರೇಖೀಯ ಸಿದ್ಧಾಂತವನ್ನು, ಹಾಗಾಗಿ ಆ ಭರವಸೆಯನ್ನು ಅರೇಖೀಯ ಲೋಕಕ್ಕೂ ಹೊತ್ತುಕೊಂಡು ಹೋಗುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ.

ಒಂದು ಉದಾಹರಣೆ. ಸ್ಥಿತಿ ಕ್ಷ, ಅಡಚಣೆ ಡ ಎಂದಿರಲಿ.

ಕ್ಷ ಬದಲಾಗುವ ದರ = −ಕ್ಷ + (ಕ್ಷ² + 1) × ಡ

ಡ ಸೊನ್ನೆಯಾದರೆ ಇದಕ್ಕಿಂತ ಸಾಧು ವ್ಯವಸ್ಥೆ ಸಿಗದು: ಎಲ್ಲಿಂದ ಹೊರಟರೂ ಕ್ಷ ಘಾತೀಯ ವೇಗದಲ್ಲಿ ಸೊನ್ನೆಗೆ ಇಳಿಯುತ್ತದೆ. ಈಗ ಡ = 1 ಎಂದು ಇಡಿ. ದರ ಕ್ಷ² − ಕ್ಷ + 1 ಆಗುತ್ತದೆ. ಇದು ಎಂದೂ ಮುಕ್ಕಾಲಿಗಿಂತ ಕೆಳಗಿಳಿಯುವುದಿಲ್ಲ, ಹಾಗಾಗಿ ಸೀಮಿತ ಸಮಯದಲ್ಲೇ ಕ್ಷ ಅನಂತಕ್ಕೆ ಹಾರುತ್ತದೆ. ಸೀಮಿತ ಅಡಚಣೆ, ಸೀಮಿತ ಸಮಯ, ಸೀಮೆಯಿಲ್ಲದ ಸ್ಥಿತಿ.

“ಅಡಚಣೆ ಕ್ರಮೇಣ ಇಲ್ಲವಾದರೆ ಸರಿಹೋಗುತ್ತದಲ್ಲ” ಎನ್ನುವವರಿಗೆ ಇನ್ನೊಂದು ಲೆಕ್ಕ. ಕಾಲವನ್ನು ಕಾ ಎನ್ನೋಣ. ಕ್ಷ ಆರಂಭದಲ್ಲಿ √2 ಇರಲಿ, ಡ = 1/√(2ಕಾ + 2) ಆಗಿರಲಿ. ಅಡಚಣೆ ಸೊನ್ನೆಯತ್ತ ಕರಗುತ್ತಲೇ ಹೋಗುತ್ತದೆ. ಆದರೆ ಸಮೀಕರಣದ ಉತ್ತರ ಕ್ಷ = √(2ಕಾ + 2), ಅದು ಬೆಳೆಯುತ್ತಲೇ ಇರುತ್ತದೆ. ಹಾಳೆಯ ಮೇಲೆ ಇಟ್ಟು ನೋಡಿ, ಎರಡು ಸಾಲಿನಲ್ಲಿ ಹೊಂದುತ್ತದೆ.

ಎಡುವಾರ್ಡೊ ಸೊಂಟಾಗ್ 1989ರಲ್ಲಿ ಇನ್‌ಪುಟ್-ಟು-ಸ್ಟೇಟ್ ಸ್ಥಿರತೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟದ್ದು ಈ ಕಂದರವನ್ನು ಮುಚ್ಚಲು. ಅದು ಕೇಳುವುದು ಇಷ್ಟು: ಯಾವುದೇ ಕ್ಷಣದಲ್ಲಿ ಸ್ಥಿತಿಯ ಗಾತ್ರ ಎರಡು ಪದಗಳ ಮೊತ್ತವನ್ನು ಮೀರಬಾರದು. ಮೊದಲನೆಯದು ಆರಂಭಿಕ ಸ್ಥಿತಿಯಿಂದ ಬಂದದ್ದು, ಕಾಲದೊಂದಿಗೆ ಕರಗಿಹೋಗುವಂಥದ್ದು. ಎರಡನೆಯದು ಅಲ್ಲಿಯವರೆಗಿನ ಅಡಚಣೆಯ ಗರಿಷ್ಠ ಗಾತ್ರವನ್ನಷ್ಟೇ ಅವಲಂಬಿಸಿದ್ದು, ಅಡಚಣೆ ಸಣ್ಣದಾದರೆ ತಾನೂ ಸಣ್ಣದಾಗುವಂಥದ್ದು. ನಿಮ್ಮ ಸಾಧನೆ ಮೊದಲ ಪದವನ್ನು ಮಾತ್ರ ಕೊಟ್ಟಿದೆ.

ಅದೇ ಲೇಖನದಲ್ಲಿ ಒಂದು ಪರಿಹಾರವೂ ಇದೆ. ಇನ್‌ಪುಟ್ ರೇಖೀಯವಾಗಿ ಸೇರುವ ವ್ಯವಸ್ಥೆಯೊಂದನ್ನು ನುಣುಪಾದ ಫೀಡ್‌ಬ್ಯಾಕ್‌ನಿಂದ ಸ್ಥಿರಗೊಳಿಸಬಹುದಾದರೆ, ಅದೇ ನಿಯಮಕ್ಕೆ ಇನ್ನೊಂದು ಪದ ಸೇರಿಸಿ, ಇನ್‌ಪುಟ್ ದಾರಿಯಲ್ಲೇ ಬರುವ ಅಡಚಣೆಗೆ ಈ ಗುಣವನ್ನು ತರಬಹುದು. ಇನ್‌ಪುಟ್ ಯಾವ ದಿಕ್ಕಿನಲ್ಲಿ ಲ್ಯಾಪುನೊವ್ ಫಲನವನ್ನು ಏರಿಸುತ್ತದೋ ಅದರ ವಿರುದ್ಧ, ಅಷ್ಟೇ ಪ್ರಮಾಣದಲ್ಲಿ ತಳ್ಳುವ ಪದ ಅದು. ನಿಮ್ಮ ಗುಂಡಿನ ಮಟ್ಟಿಗೆ ಈ ಪದ ಸ್ಥಾನ ಮತ್ತು ವೇಗದ ಗೇನ್ ಹೆಚ್ಚಿಸಿದ್ದಕ್ಕೆ ಸಮ. ಕುಸಿತ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ.

ತುಂಗಾತೀರ · ಮಂಗಳವಾರ, ಬೆಳಿಗ್ಗೆ 8:30

ಮೇಡಂ, ಎರಡೂ ಉದಾಹರಣೆಗಳನ್ನು ಹಾಕಿ ನೋಡಿದೆ, ಸರಿಯಾಗಿ ಬಂದವು. ಆದರೆ ನನ್ನ ಗುಂಡು ಅನಂತಕ್ಕೆ ಹಾರಲಿಲ್ಲ. ಶೇ. 10ಕ್ಕೆ ಕುಸಿದು ನಿಂತಿತು, ಶೇ. 20ಕ್ಕೆ ಬಿದ್ದಿತು. ಲೀನಿಯರೈಸ್ ಆದ ಮೇಲೆ ವ್ಯವಸ್ಥೆ ರೇಖೀಯವೇ ಅಲ್ಲವೇ? ಹಾಗಿದ್ದರೆ ಎರಡರಷ್ಟು ಅಡಚಣೆಗೆ ಎರಡರಷ್ಟು ಕುಸಿತ ಬರಬೇಕಿತ್ತು.

ಹಳೇರಿಲೇ · ಮಂಗಳವಾರ, ಮಧ್ಯಾಹ್ನ 1:20

ನೀವೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕೋಣ. ಕ್ಯಾಲ್ಕ್ಯುಲೇಟರ್ ಸಾಕು.

ಶೇ. 10 ಹೆಚ್ಚು ತೂಕ ಎಂದರೆ ನಿಯಂತ್ರಕ 0.1 ಗುರುತ್ವದಷ್ಟು, ಅಂದರೆ 0.981 ಮೀ./ಸೆ.² ಹೆಚ್ಚುವರಿ ವೇಗೋತ್ಕರ್ಷವನ್ನು ಮೇಲ್ಮುಖವಾಗಿ ಕೊಡಬೇಕು. ಗೇನ್ 900. ಭಾಗಿಸಿದರೆ 1.09 ಮಿ.ಮೀ. ನೀವು ಕಂಡ “ಸುಮಾರು ಒಂದು ಮಿ.ಮೀ.” ಇದೇ.

ಶೇ. 20ಕ್ಕೆ ಕುಸಿತ 2.18 ಮಿ.ಮೀ. ಗುಂಡು 12.18 ಮಿ.ಮೀ.ನಲ್ಲಿ ನಿಲ್ಲಬೇಕು. ಅಷ್ಟು ದೂರದಲ್ಲಿ ಅಷ್ಟು ತೂಕವನ್ನು ಹಿಡಿಯಲು ಎಷ್ಟು ಕರೆಂಟ್ ಬೇಕು? ಅಂತರ 1.218 ಪಟ್ಟು, ತೂಕದ ವರ್ಗಮೂಲ 1.095 ಪಟ್ಟು. 1.5 × 1.218 × 1.095 = 2.00 ಆಂಪಿಯರ್. ಆಂಪ್ಲಿಫೈಯರ್ ಮಿತಿ 2. ಸರಿಯಾಗಿ ಅಂಚಿನಲ್ಲಿದ್ದೀರಿ, ಸೆನ್ಸರ್ ಸ್ವಲ್ಪ ಕೆಮ್ಮಿದರೂ ಗುಂಡು ಕೆಳಗೆ. ಅಲ್ಲಿಂದ ಆಚೆ ದೂರ ಹೆಚ್ಚಿದಷ್ಟೂ ಸೆಳೆತ ಇಳಿಯುತ್ತದೆ, ಕರೆಂಟ್ ಮಾತ್ರ ಏರುವಂತಿಲ್ಲ.

ನಿಮ್ಮ ಲೀನಿಯರೈಸೇಶನ್ ಕರೆಂಟಿಗೆ ಮಿತಿಯೇ ಇಲ್ಲ ಎಂದು ಭಾವಿಸಿದೆ. ಮಿತಿ ಮುಟ್ಟಿದ ಕ್ಷಣ ರದ್ದಾಗಿದ್ದ ಅರೇಖೀಯತೆಯೆಲ್ಲ ಮರಳಿ ಬರುತ್ತದೆ. ತೂಕ ಅಂಟಿಸದೆ ಇದ್ದರೂ ಗುಂಡು 13.3 ಮಿ.ಮೀ. ಆಚೆ ನಿಶ್ಚಲವಾಗಿದ್ದರೆ ಅದನ್ನು ಮೇಲೆತ್ತುವ ನಿಯಂತ್ರಕ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಆ “ಗ್ಲೋಬಲ್” ಪದವನ್ನು ತೆಗೆಯಿರಿ.

ಈಗ ಇಂಟಿಗ್ರೇಟರ್ ಸೇರಿಸಿ ನೋಡಿ. ಗುಂಡು ಕೊನೆಗೆ 10 ಮಿ.ಮೀ.ಗೆ ಮರಳುತ್ತದೆ. ಅಲ್ಲಿ ಶೇ. 20 ಹೆಚ್ಚು ತೂಕಕ್ಕೆ ಬೇಕಾದದ್ದು 1.64 ಆಂಪಿಯರ್ ಮಾತ್ರ. ಅದೇ ತೂಕ, ಅದೇ ಆಂಪ್ಲಿಫೈಯರ್, ಆದರೆ ಕುಸಿಯಲು ಬಿಡದ ಕಾರಣ ಕೈಯಲ್ಲಿ ಮೂರನೇ ಒಂದು ಆಂಪಿಯರ್‌ಗಿಂತ ಹೆಚ್ಚು ಉಳಿಯಿತು.

ಶೂನ್ಯಾಭಿಮುಖ · ಮಂಗಳವಾರ, ಮಧ್ಯಾಹ್ನ 2:10

ಹಳೇರಿಲೇ ಸರ್ ಹಾಕಿದ ಲೆಕ್ಕವನ್ನು ಪ್ರಾಜೆಕ್ಟ್ ವರದಿಯಲ್ಲಿ ಹಾಗೆಯೇ ಸೇರಿಸಿ. ಒಂದು ಮಾತು ಮಾತ್ರ ಸೇರಿಸಬೇಕು: 1.64 ಎಂಬುದು ಕೊನೆಗೆ ನೆಲೆನಿಂತ ಮೇಲಿನ ಕರೆಂಟ್. ಮಣ್ಣು ಅಂಟಿದ ಮೊದಲ ನೂರು ಮಿಲಿಸೆಕೆಂಡುಗಳಲ್ಲಿ ಏನಾಗುತ್ತದೆ ಎಂಬುದೇ ಗುಂಡು ಉಳಿಯುವುದನ್ನೂ ಬೀಳುವುದನ್ನೂ ನಿರ್ಧರಿಸುತ್ತದೆ. ಇಂಟಿಗ್ರೇಟರ್ ಸೇರಿಸಿ ಮೂರೂ ಪೋಲ್‌ಗಳನ್ನು −30ರಲ್ಲೇ ಇಟ್ಟರೆ ಸ್ಥಾನದ ಗೇನ್ 2,700ಕ್ಕೆ, ವೇಗದ ಗೇನ್ 90ಕ್ಕೆ ಏರುತ್ತದೆ. ಶೇ. 20ರ ಹಠಾತ್ ತೂಕಕ್ಕೆ ತಾತ್ಕಾಲಿಕ ಕುಸಿತ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಕರೆಂಟಿನ ಶಿಖರ 1.8ರ ಆಸುಪಾಸು. ಸುರುಳಿಯ ವಿಳಂಬವನ್ನು ಇದರಲ್ಲಿ ಬಿಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ. ನೀವು ಸುರುಳಿಗೆ ಕರೆಂಟನ್ನು ಆದೇಶಿಸುತ್ತೀರೋ, ವೋಲ್ಟೇಜನ್ನೋ? ಕರೆಂಟ್ ಆದರೆ ಮಣ್ಣಿನ ತೂಕ ನಿಮ್ಮ ಇನ್‌ಪುಟ್ ಬರುವ ಸಮೀಕರಣದಲ್ಲೇ ಬರುತ್ತದೆ, ನೇರವಾಗಿ ಎದುರಿಸಬಹುದು. ವೋಲ್ಟೇಜ್ ಆದರೆ ಅಡಚಣೆ ಯಾಂತ್ರಿಕ ಸಮೀಕರಣದಲ್ಲಿ, ನಿಮ್ಮ ಹಿಡಿತ ವಿದ್ಯುತ್ ಸಮೀಕರಣದಲ್ಲಿ. ಸುರುಳಿಯ ಇಂಡಕ್ಟೆನ್ಸ್ ನಡುವೆ ನಿಂತಿರುತ್ತದೆ. ಒಂದೊಂದೇ ಸಮೀಕರಣವಾಗಿ ನಡೆದು ನಿಯಂತ್ರಣ ಕಟ್ಟುವ ಬ್ಯಾಕ್‌ಸ್ಟೆಪಿಂಗ್ ಹುಟ್ಟಿದ್ದು ಇಂಥ ಸನ್ನಿವೇಶಕ್ಕಾಗಿ. ವೋಲ್ಟೇಜ್ ಆಜ್ಞೆಯ ಮೇಲೆ ಸರಳ ಸ್ಲೈಡಿಂಗ್ ಮೋಡ್ ಹಾಕಿದರೂ “ಅಡಚಣೆ ಗುಂಡಿಗೆ ತಿಳಿಯುವುದೇ ಇಲ್ಲ” ಎಂಬ ಮಾತು ಆಗ ತಾನಾಗಿ ಬರುವುದಿಲ್ಲ.

ತುಂಗಾತೀರ · ಮಂಗಳವಾರ, ಮಧ್ಯಾಹ್ನ 3:00

24 ವೋಲ್ಟ್ ಸಪ್ಲೈ, ಪಿಡಬ್ಲ್ಯುಎಂ (ವೋಲ್ಟೇಜನ್ನು ವೇಗವಾಗಿ ಆನ್-ಆಫ್ ಮಾಡುವ) ಆಂಪ್ಲಿಫೈಯರ್, ಅದರೊಳಗೆ ಪ್ರತ್ಯೇಕ ಕರೆಂಟ್ ಲೂಪ್ ಇದೆ. ನಾನು ಕರೆಂಟನ್ನೇ ಆದೇಶಿಸುತ್ತೇನೆ. ಒಳಗಿನ ಲೂಪ್ ಹೊರಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿದೆ.

ಇಂಟಿಗ್ರೇಟರ್ ಬದಲು ಗೇನ್ ಒಂದನ್ನೇ ಇನ್ನಷ್ಟು ಏರಿಸಿದರೆ ಆಗದೇ? ಪೋಲ್‌ಗಳನ್ನು −40ಕ್ಕೆ ತಂದರೆ ಶೇ. 20ಕ್ಕೂ ಕುಸಿತ 1.23 ಮಿ.ಮೀ. ಆಗುತ್ತದೆ, ಕರೆಂಟ್ 1.84ಕ್ಕೆ ನಿಲ್ಲುತ್ತದೆ.

ಬೆಸುಗೆಗಾರ · ಮಂಗಳವಾರ, ಸಂಜೆ 6:45

ಆಗುತ್ತದೆ, ಸಂಜೆಯ ನಡುಕ ಇನ್ನೂ ಜೋರಾಗುತ್ತದೆ. ಎಲ್ಲರೂ ಮಣ್ಣಿನ ಹಿಂದೆ ಬಿದ್ದಿದ್ದೀರಿ, ಅವರು ಹೇಳಿದ ಎರಡನೇ ತೊಂದರೆಯನ್ನು ಮರೆತಿದ್ದೀರಿ.

ನಡುಕ ಸಂಜೆ ಮಾತ್ರ ಬರುವುದು ಲ್ಯಾಬಿನ ಟ್ಯೂಬ್‌ಲೈಟ್ ಹಾಕಿದ ಮೇಲೆ, ಅಲ್ಲವೇ? ನಮ್ಮ ಮೇನ್ಸ್ 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಪ್ರತಿ ಅರ್ಧ ಆವರ್ತಕ್ಕೊಮ್ಮೆ ಬೆಳಗುವುದರಿಂದ ಅದರ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದು, ಫೋಟೊಡಯೋಡ್‌ಗೆ ಚೆನ್ನಾಗಿ ಕಾಣುತ್ತದೆ. ಗುಂಡು ಕದಲದಿದ್ದರೂ ಕದಲುತ್ತಿದೆ ಎಂದು ಸೆನ್ಸರ್ ಹೇಳುತ್ತದೆ. ವೇಗವನ್ನು ನೀವು ಸ್ಥಾನದ ನಿಷ್ಪನ್ನದಿಂದ (ಅದು ಬದಲಾಗುವ ದರದಿಂದ) ತೆಗೆಯುತ್ತೀರಿ. 100 ಹರ್ಟ್ಸ್ ಎಂದರೆ 628 ರೇಡಿಯನ್/ಸೆ., ಅಂದರೆ ಆ ಸುಳ್ಳು ಚಲನೆ ವೇಗದಲ್ಲಿ 628 ಪಟ್ಟಾಗಿ ಕಾಣಿಸುತ್ತದೆ. ಅದರ ಮೇಲೆ 60ರ ಗೇನ್, ನೀವು ಹೇಳುವ −40ಕ್ಕೆ 80ರ ಗೇನ್. ಸುರುಳಿ ನಡುಗದೆ ಇನ್ನೇನು ಮಾಡೀತು?

ಇದು ಬಲದ ಅಡಚಣೆಯಲ್ಲ, ಅಳತೆಯ ಅಡಚಣೆ. ಇದರ ಚಿಕಿತ್ಸೆ ಪೂರ್ತಿ ಬೇರೆ. ಮೊದಲು ಕಪ್ಪು ಕಾಗದ ಸುತ್ತಿ ಮರೆ ಮಾಡಿ. ಸಾಲದಿದ್ದರೆ ಇನ್‌ಫ್ರಾರೆಡ್ ಎಲ್‌ಇಡಿ ಹಾಕಿ, ಅದನ್ನು ಕೆಲವು ಕಿಲೋಹರ್ಟ್ಸ್‌ನಲ್ಲಿ ಮಿನುಗಿಸಿ, ಫೋಟೊಡಯೋಡ್ ಕಡೆ ಆ ಮಿನುಗನ್ನಷ್ಟೇ ಎತ್ತಿಕೊಳ್ಳಿ. ಬೆಳಕಿನ ರಗಳೆಯೇ ಬೇಡ ಎಂದು ಹಾಲ್ ಸೆನ್ಸರ್‌ಗೆ ಹೋಗಬೇಡಿ. ಸುರುಳಿಯ ಕಾಂತಕ್ಷೇತ್ರವೇ ಅದರೊಳಗೆ ನುಗ್ಗಿ ಹೊಸ ಅಡಚಣೆಯಾಗುತ್ತದೆ, ಅದನ್ನು ಕಳೆಯಲು ಇನ್ನೊಂದು ಪ್ರಾಜೆಕ್ಟ್ ಬೇಕು.

ಶೂನ್ಯಾಭಿಮುಖ · ಮಂಗಳವಾರ, ರಾತ್ರಿ 8:20

ಬೆಸುಗೆಗಾರ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಏಕೆಂದರೆ ಓದಿಕೊಂಡವರೇ ಇಲ್ಲಿ ಎಡವುತ್ತಾರೆ. ಫ್ರಾನ್ಸಿಸ್ ಮತ್ತು ವೊನಮ್ 1976ರಲ್ಲಿ ಕೊಟ್ಟ ಇಂಟರ್ನಲ್ ಮಾಡೆಲ್ ತತ್ತ್ವ ಹೀಗೆ ಹೇಳುತ್ತದೆ: ಅಡಚಣೆಯನ್ನು ಪೂರ್ತಿ ಅಳಿಸಬೇಕಾದರೆ ಅದನ್ನು ಹುಟ್ಟಿಸುವ ಯಂತ್ರದ ನಕಲು ನಿಯಂತ್ರಕದೊಳಗೆ ಇರಬೇಕು. ಬದಲಾಗದ ಅಡಚಣೆಗೆ ಆ ನಕಲು ಇಂಟಿಗ್ರೇಟರ್. ಸೈನ್ ಅಲೆಗೆ ಅದೇ ಆವರ್ತನದ ಆಂದೋಲಕ. ಇದನ್ನು ಓದಿದ ವಿದ್ಯಾರ್ಥಿಗೆ “100 ಹರ್ಟ್ಸ್ ನಡುಕವೇ? 100 ಹರ್ಟ್ಸ್ ಆಂದೋಲಕ ಹಾಕಿದರಾಯಿತು” ಎನಿಸುವುದು ಸಹಜ.

ಇಲ್ಲಿ ಅದನ್ನು ಮಾಡಲೇಬಾರದು. ಆಂದೋಲಕ ಅಳತೆಯಲ್ಲಿನ 100 ಹರ್ಟ್ಸನ್ನು ಸೊನ್ನೆ ಮಾಡಲು ಹೊರಡುತ್ತದೆ. ಅಳತೆಯಲ್ಲಿ ಇರುವುದು ಸುಳ್ಳು. ಸುಳ್ಳನ್ನು ರದ್ದುಮಾಡಲು ಗುಂಡೇ ನಿಜವಾಗಿ 100 ಹರ್ಟ್ಸ್‌ನಲ್ಲಿ ಕುಣಿಯಬೇಕಾಗುತ್ತದೆ. ಸೆನ್ಸರಿನ ಸ್ಥಿರ ದೋಷಕ್ಕೂ ಇದೇ ನ್ಯಾಯ: ಸೆನ್ಸರ್ ಅರ್ಧ ಮಿ.ಮೀ. ತಪ್ಪು ಹೇಳಿದರೆ ಇಂಟಿಗ್ರೇಟರ್ ಗುಂಡನ್ನು ಅಷ್ಟೇ ತಪ್ಪು ಜಾಗದಲ್ಲಿ ಬಹಳ ನಿಖರವಾಗಿ ನಿಲ್ಲಿಸುತ್ತದೆ. ಮರೆ ಸಾಲದಿದ್ದರೆ ಅಳತೆಯ ದಾರಿಯಲ್ಲಿ 100 ಹರ್ಟ್ಸ್‌ಗೆ ನಾಚ್ ಫಿಲ್ಟರ್ (ಆ ಒಂದು ಆವರ್ತನವನ್ನಷ್ಟೇ ತಡೆಯುವಂಥದ್ದು) ಹಾಕಿ. ನಿಮ್ಮ ಲೂಪ್ ಅದಕ್ಕಿಂತ ಬಹಳ ಕೆಳಗಿನ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಫಿಲ್ಟರಿನ ವಿಳಂಬ ಅಷ್ಟಾಗಿ ಕಾಡದು.

ಚಾಟರ್‌ಪ್ರಿಯ · ಮಂಗಳವಾರ, ರಾತ್ರಿ 9:15

ಸ್ಲೈಡಿಂಗ್ ಮೋಡ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಇವರ ಸುರುಳಿಗೆ ಕರೆಂಟ್ ಆಜ್ಞೆ ಇದೆ, ಅಡಚಣೆ ಇನ್‌ಪುಟ್ ದಾರಿಯಲ್ಲೇ ಇದೆ. ಮೇಡಂ ಕೇಳಿದ ಷರತ್ತು ಪೂರೈಸಿತಲ್ಲ?

ಶೂನ್ಯಾಭಿಮುಖ · ಮಂಗಳವಾರ, ರಾತ್ರಿ 9:50

ಪೂರೈಸಿತು, ಅಳತೆ ಶುದ್ಧವಾಗಿದ್ದರೆ. ಮೇಲ್ಮೈಯ ಈ ಪಕ್ಕವೋ ಆ ಪಕ್ಕವೋ ಎಂದು ತೀರ್ಮಾನಿಸುವುದು ಅದೇ ಫೋಟೊಡಯೋಡ್ ಮತ್ತು ಅದರ ನಿಷ್ಪನ್ನ. ಸುಳ್ಳು ವೇಗ ಕಂಡಾಗಲೆಲ್ಲ ಪೂರ್ಣ ಬಲದ ಹೊಡೆತ ದಿಕ್ಕು ಬದಲಿಸುತ್ತದೆ. ಅದರ ಮೇಲೆ ಕರೆಂಟ್ ಲೂಪಿನ ಸಣ್ಣ ವಿಳಂಬವೂ ಇದೆ, ಹಾಗಾಗಿ ಸ್ಥಿತಿ ಮೇಲ್ಮೈಯನ್ನು ದಾಟಿ ಹೋಗಿ ಮರಳುತ್ತಲೇ ಇರುತ್ತದೆ. ನಿಮ್ಮ ಹೆಸರಿನಲ್ಲೇ ಇರುವ ಚಾಟರಿಂಗ್ ಅದು. ಸುರುಳಿ ಗುಂಯ್ಗುಡುತ್ತದೆ, ಬಿಸಿಯೇರುತ್ತದೆ.

ಅದನ್ನು ತಗ್ಗಿಸಲು ಚಿಹ್ನೆಯ (ಇತ್ತ ಇಲ್ಲವೇ ಅತ್ತ ಎಂದು ಥಟ್ಟನೆ ಬದಲಾಗುವ ಪದದ) ಜಾಗದಲ್ಲಿ ಇಳಿಜಾರು ಇಡುತ್ತಾರೆ, ಬೌಂಡರಿ ಲೇಯರ್. ಆ ಪಟ್ಟಿಯೊಳಗೆ ನಿಮ್ಮದು ಮತ್ತೆ ಸ್ಥಾನ ಮತ್ತು ವೇಗದ ಹೆಚ್ಚಿನ ಗೇನ್ ಅಷ್ಟೇ. ಹೊರಟ ಜಾಗಕ್ಕೇ ಬಂದಿರಿ, ಕುಸಿತವೂ ಸಣ್ಣದಾಗಿ ಮರಳಿ ಬಂತು.

ಚಾಟರ್‌ಪ್ರಿಯ · ಮಂಗಳವಾರ, ರಾತ್ರಿ 10:30

ಅದು ಹಳೆಯ ಸ್ಲೈಡಿಂಗ್ ಮೋಡ್. 1993ರಲ್ಲಿ ಲೆವಾಂಟ್ ಕೊಟ್ಟ ಸೂಪರ್-ಟ್ವಿಸ್ಟಿಂಗ್‌ನಲ್ಲಿ ಚಿಹ್ನೆಯ ಪದ ನೇರವಾಗಿ ಇನ್‌ಪುಟ್‌ಗೆ ಹೋಗುವುದಿಲ್ಲ, ಇಂಟಿಗ್ರೇಟ್ ಆಗಿ ಹೋಗುತ್ತದೆ. ಜೊತೆಗಿರುವುದು ವರ್ಗಮೂಲದ ಪದ. ಕರೆಂಟ್ ಆಜ್ಞೆ ಜಿಗಿಯುವುದಿಲ್ಲ, ಆದರೂ ಅಡಚಣೆ ಸೀಮಿತ ಸಮಯದಲ್ಲಿ ಪೂರ್ತಿ ರದ್ದಾಗುತ್ತದೆ. ಊದಿದ ಗಾಳಿಯಂಥ ನಿರಂತರ ಬದಲಾಗುವ ಅಡಚಣೆಯನ್ನು ಇಂಟಿಗ್ರೇಟರ್ ಹಿಂದಿನಿಂದ ಓಡಿಸಿಕೊಂಡು ಹೋಗುತ್ತದೆ, ಇದು ಹಿಡಿಯುತ್ತದೆ. ಈ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಶೂನ್ಯಾಭಿಮುಖ · ಮಂಗಳವಾರ, ರಾತ್ರಿ 10:48

ಒಪ್ಪಿದೆ. ಅದರ ಷರತ್ತನ್ನೂ ಹೇಳಿ: ಅಡಚಣೆ ಬದಲಾಗುವ ವೇಗಕ್ಕೆ ಮಿತಿ ಇರಬೇಕು. ಗಾಳಿಗೆ ಇದೆ. ಥಟ್ಟನೆ ಅಂಟಿಸಿದ ಮಣ್ಣು ಒಂದು ಜಿಗಿತ, ಆ ಕ್ಷಣದಲ್ಲಿ ಸೂಪರ್-ಟ್ವಿಸ್ಟಿಂಗ್ ಕೂಡ ಮೇಲ್ಮೈಯಿಂದ ಜಾರಿ ಮತ್ತೆ ಹಿಡಿಯಬೇಕು. ಆ ಹೊತ್ತಿಗೆ 2 ಆಂಪಿಯರ್ ಮಿತಿ ಮುಟ್ಟಿದರೆ ಹಳೇರಿಲೇ ಸರ್ ತೋರಿಸಿದ ಅಂಚು ಎಲ್ಲರಿಗೂ ಒಂದೇ.

ಪೀಣ್ಯ_ಎರಡನೇ_ಹಂತ · ಬುಧವಾರ, ಬೆಳಿಗ್ಗೆ 6:50

ಈ ಮಿತಿಯ ಮಾತು ಬಂದಾಗಲೆಲ್ಲ ನನಗೆ ಚಂದ್ರಯಾನ-2 ನೆನಪಾಗುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ನೋಡಲು ನಿದ್ದೆಗೆಟ್ಟವರು ಇಲ್ಲಿ ಬಹಳ ಜನ ಇರಬಹುದು.

ಏನಾಯಿತೆಂದು 2023ರ ಜುಲೈಯಲ್ಲಿ, ಚಂದ್ರಯಾನ-3 ಹೊರಡುವ ಮುನ್ನ, ಆಗ ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ವಿವರಿಸಿದ್ದರು. ಲ್ಯಾಂಡರಿನ ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಈ ಚರ್ಚೆಯ ಭಾಷೆಯಲ್ಲಿ ಹೇಳುವುದಾದರೆ, ಇನ್‌ಪುಟ್ ದಾರಿಯಲ್ಲೇ ಬಂದ ಅಡಚಣೆ, ಮೇಲ್ನೋಟಕ್ಕೆ ಎಲ್ಲಕ್ಕಿಂತ ಸುಲಭದ ಬಗೆ. ಆದರೆ ಕ್ಯಾಮೆರಾ ಚಿತ್ರ ತೆಗೆಯುವ ಹಂತದಲ್ಲಿ ನೌಕೆ ಅಲುಗದೆ ಇರಬೇಕಾಗಿತ್ತು, ಹಾಗಾಗಿ ದೋಷವನ್ನು ಆಗಿಂದಾಗ ತಿದ್ದಲಾಗದೆ ಅದು ಕೂಡುತ್ತಾ ಹೋಯಿತು. ತಿದ್ದಲು ಹೊರಟಾಗ ನೌಕೆ ಬಹಳ ವೇಗವಾಗಿ ತಿರುಗಬೇಕಾಯಿತು, ಆ ತಿರುಗುವ ದರಕ್ಕೆ ಸಾಫ್ಟ್‌ವೇರಿನಲ್ಲಿ ಮಿತಿ ಇತ್ತು. ಇಳಿಯಬೇಕಾದ ಜಾಗವೂ 500 ಮೀ. × 500 ಮೀ. ಮಾತ್ರ. ನೆಲ ಹತ್ತಿರವಾದರೂ ಅಲ್ಲಿಗೆ ತಲುಪಲೆಂದು ನೌಕೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಚಂದ್ರಯಾನ-3ರಲ್ಲಿ ಮಾಡಿದ ಬದಲಾವಣೆಗಳನ್ನು ನೋಡಿ. ನಡುವಿನ ಎಂಜಿನ್ ತೆಗೆದು ನಾಲ್ಕೇ ಉಳಿಸಿದರು, ಇಂಧನ ಹೆಚ್ಚಿಸಿದರು, ಕಾಲುಗಳನ್ನು ಬಲಪಡಿಸಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಡಾಪ್ಲರ್ ಉಪಕರಣ ಸೇರಿಸಿದರು, ಇಳಿಯುವ ಜಾಗವನ್ನು 4 ಕಿ.ಮೀ. × 2.4 ಕಿ.ಮೀ.ಗೆ ಹಿಗ್ಗಿಸಿದರು. ಸಾಫ್ಟ್‌ವೇರ್ ಕೂಡ ಬದಲಾಯಿತು, ನಿಜ. ಆದರೆ ಈ ಪಟ್ಟಿಯ ಬಹುಪಾಲು ಅಡಚಣೆಗೆ ಜಾಗ ಮಾಡಿಕೊಡುವ ಕೆಲಸ: ಹೆಚ್ಚು ಇಂಧನ, ಹೆಚ್ಚು ಅಂಗಳ, ಉತ್ತಮ ಅಳತೆ. ಆಗಸ್ಟ್ 23ರಂದು ಅದು ಇಳಿಯಿತು.

ಹಳೇರಿಲೇ · ಬುಧವಾರ, ಬೆಳಿಗ್ಗೆ 9:10

ಒಳ್ಳೆಯ ಉದಾಹರಣೆ. 2 ಆಂಪಿಯರ್ ಬದಲು 3 ಆಂಪಿಯರ್ ಆಂಪ್ಲಿಫೈಯರ್ ತನ್ನಿ ಎಂದು ನಾನು ಹೇಳಲಿದ್ದೆ, ಇಷ್ಟು ಗೌರವಯುತವಾಗಿ ಹೇಳಲು ಬರುತ್ತಿರಲಿಲ್ಲ. ಪ್ರಾಜೆಕ್ಟ್‌ಗೆ ದುಡ್ಡಿಲ್ಲದಿದ್ದರೆ ಗುಂಡನ್ನು 10ರ ಬದಲು 8 ಮಿ.ಮೀ.ನಲ್ಲಿ ನಿಲ್ಲಿಸಿ. ಹಿಡಿದಿಡಲು 1.2 ಆಂಪಿಯರ್ ಸಾಕಾಗುತ್ತದೆ, 0.8 ಕೈಯಲ್ಲಿ ಉಳಿಯುತ್ತದೆ. ಖರ್ಚಿಲ್ಲ.

ತುಂಗಾತೀರ · ಬುಧವಾರ, ಮಧ್ಯಾಹ್ನ 12:40

8 ಮಿ.ಮೀ. ಮಾಡಬಹುದು, ಫೋಟೊಡಯೋಡನ್ನು ಸ್ವಲ್ಪ ಮೇಲೆ ಸರಿಸಬೇಕು. ಇನ್ನೊಂದು ಸಂದೇಹ: ಡಿಸ್ಟರ್ಬೆನ್ಸ್ ಅಬ್ಸರ್ವರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಗೈಡ್‌ಗೆ ಅದು ಇಷ್ಟ. ಇಂಟಿಗ್ರೇಟರ್‌ಗಿಂತ ಅದು ಹೇಗೆ ಬೇರೆ?

ಹಳೇರಿಲೇ · ಬುಧವಾರ, ಮಧ್ಯಾಹ್ನ 12:55

ಬೇರೆಯಲ್ಲ. ಇಂಟಿಗ್ರೇಟರ್‌ಗೆ ಹೊಸ ಅಂಗಿ.

ಶೂನ್ಯಾಭಿಮುಖ · ಬುಧವಾರ, ಮಧ್ಯಾಹ್ನ 3:30

ಹಳೇರಿಲೇ ಸರ್ ಹೇಳಿದ್ದು ಅರ್ಧಕ್ಕಿಂತ ಹೆಚ್ಚು ನಿಜ, ಪೂರ್ತಿ ಅಲ್ಲ.

ಜಪಾನಿನ ಓನಿಶಿ 1980ರ ದಶಕದಲ್ಲಿ ಮೋಟಾರ್‌ಗಳಿಗಾಗಿ ಬೆಳೆಸಿದ ವಿಧಾನ, ಚೀನಾದ ಹಾನ್ ಜಿಂಗ್‌ಚಿಂಗ್ ಅವರ ಎಡಿಆರ್‌ಸಿ (ಆಕ್ಟಿವ್ ಡಿಸ್ಟರ್ಬೆನ್ಸ್ ರಿಜೆಕ್ಷನ್ ಕಂಟ್ರೋಲ್), ಎರಡರ ತಿರುಳೂ ಒಂದೇ. ಗುಂಡಿನ ಸ್ಥಾನ ಮತ್ತು ವೇಗದ ಜೊತೆ “ಗೊತ್ತಿಲ್ಲದ ಬಲ” ಎಂಬುದನ್ನು ಅಂದಾಜು ಮಾಡಿ, ಆಜ್ಞೆಯಿಂದ ಅಷ್ಟನ್ನು ಕಳೆಯುವುದು. ಹಾನ್ ಅವರ ಧೈರ್ಯ ಇನ್ನೂ ಒಂದು ಹೆಜ್ಜೆ ಮುಂದಿನದು: ಹೊರಗಿನ ಬಲವನ್ನಷ್ಟೇ ಅಲ್ಲ, ನಿಮ್ಮ ಮಾದರಿಯಲ್ಲಿನ ತಪ್ಪುಗಳನ್ನೂ ಅದೇ ಚೀಲಕ್ಕೆ ಹಾಕಿ “ಒಟ್ಟು ಅಡಚಣೆ” ಎಂದು ಕರೆದರು. ರೇಖೀಯ ಅಬ್ಸರ್ವರ್ ಇಟ್ಟು, ಅಂದಾಜು ಮತ್ತು ನಿಯಂತ್ರಣ ಎರಡನ್ನೂ ಒಟ್ಟುಗೂಡಿಸಿ ಬರೆದರೆ ಒಳಗೆ ಒಂದು ಇಂಟಿಗ್ರೇಟರ್ ಸಿಗುತ್ತದೆ. ಸರ್ ಹೇಳುವ ಅಂಗಿ ಅದೇ.

ವ್ಯತ್ಯಾಸ ಬರುವುದು ಮಿತಿ ಮುಟ್ಟಿದಾಗ. ಕರೆಂಟ್ 2 ಆಂಪಿಯರ್‌ನಲ್ಲಿ ಸಿಕ್ಕಿಕೊಂಡಿರುವಾಗ ಸಾಮಾನ್ಯ ಇಂಟಿಗ್ರೇಟರ್ ದೋಷವನ್ನು ಕೂಡುತ್ತಲೇ ಇರುತ್ತದೆ. ಗುಂಡು ಮರಳಿದಾಗ ಆ ರಾಶಿ ಇಳಿಯುವವರೆಗೆ ಅನಗತ್ಯವಾಗಿ ಸೆಳೆದು, ಗುಂಡನ್ನು ಸುರುಳಿಗೆ ಹೊಡೆಸುತ್ತದೆ. ಅಬ್ಸರ್ವರ್‌ಗೆ ನೀವು ಆದೇಶಿಸಿದ ಕರೆಂಟನ್ನಲ್ಲ, ನಿಜವಾಗಿ ಹರಿದ ಕರೆಂಟನ್ನು ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ, ಏಕೆಂದರೆ ಬಲ ಕಡಿಮೆಯಾಗಿದ್ದು ಮಿತಿಯಿಂದ ಎಂದು ಅದಕ್ಕೆ ಗೊತ್ತಿರುತ್ತದೆ. ಆದರೆ ಅಬ್ಸರ್ವರನ್ನು ಚಾಲೂ ಮಾಡಿದ ಕ್ಷಣದಲ್ಲಿ, ಆರಂಭದ ಅಂದಾಜು ತಪ್ಪಿದ್ದರೆ, ಅದು ಅಲ್ಪಕಾಲ ಭಾರೀ ಸಂಖ್ಯೆಗಳನ್ನು ಉಗುಳುತ್ತದೆ. ಅಂದಾಜಿಗೆ ಒಂದು ಗರಿಷ್ಠ ಮಿತಿ ಹಾಕಿ, ಮೊದಲ ಕೆಲವು ಮಿಲಿಸೆಕೆಂಡು ಅದನ್ನು ಬಳಸಬೇಡಿ.

ಇನ್ನು “ಒಟ್ಟು ಅಡಚಣೆ” ಎಂಬ ಚೀಲ. ಕಾಂತದ ಸ್ಥಿರಾಂಕವನ್ನು ನೀವು ಶೇ. 15 ತಪ್ಪಾಗಿ ಅಂದಾಜಿಸಿದ್ದರೆ, ಅದರಿಂದ ಬರುವ ಬಲ ಹೊರಗಿನಿಂದ ಬಂದದ್ದಲ್ಲ. ಗುಂಡು ಕದಲಿದರೆ, ನಿಮ್ಮ ಆಜ್ಞೆ ಬದಲಾದರೆ ಅದೂ ಬದಲಾಗುತ್ತದೆ, ಅಂದರೆ ಲೂಪಿನ ಒಳಗೇ ಸುತ್ತುತ್ತದೆ. “ಅಡಚಣೆಯ ಗರಿಷ್ಠ ಗಾತ್ರ ಇಷ್ಟು” ಎಂದು ಮೊದಲೇ ಘೋಷಿಸಿ ಸಾಧನೆ ಶುರುಮಾಡಿದರೆ ಅಲ್ಲಿ ಚಕ್ರವಾದ (ಸಾಧಿಸಬೇಕಾದುದನ್ನೇ ಮೊದಲು ಊಹಿಸಿಕೊಳ್ಳುವುದು) ನುಸುಳುತ್ತದೆ. ಪರೀಕ್ಷಕರು ಚುರುಕಾಗಿದ್ದರೆ ಬೆರಳಿಡುವುದು ಅಲ್ಲೇ.

ಹಳೇರಿಲೇ · ಬುಧವಾರ, ಸಂಜೆ 5:00

ಇಂಟಿಗ್ರೇಟರ್‌ನಲ್ಲೂ ಅಷ್ಟೇ ಮಾಡಬಹುದು ಮೇಡಂ. ಕರೆಂಟ್ ಮಿತಿ ಮುಟ್ಟಿದಾಗ ಕೂಡುವುದನ್ನು ನಿಲ್ಲಿಸುವ ಒಂದು ಸಾಲಿನ ಕೋಡ್. ನಮ್ಮ ಕಾಲದಲ್ಲಿ ಕೆಪ್ಯಾಸಿಟರ್‌ಗೆ ಅಡ್ಡಲಾಗಿ ಝೀನರ್ ಡಯೋಡ್ ಹಾಕುತ್ತಿದ್ದೆವು. ಉಳಿದದ್ದನ್ನು ಒಪ್ಪುತ್ತೇನೆ.

ತುಂಗಾತೀರ · ಶನಿವಾರ, ರಾತ್ರಿ 8:15

ಹೊಸ ಸುದ್ದಿ. ಕಪ್ಪು ಪಿವಿಸಿ ಕೊಳವೆಯನ್ನು ಸೆನ್ಸರಿಗೆ ಮರೆಯಾಗಿಟ್ಟ ಮೇಲೆ ನಡುಕ ನಿಂತಿತು, ಫಿಲ್ಟರ್ ಬೇಕಾಗಲಿಲ್ಲ. ಗುಂಡು ಈಗ 8 ಮಿ.ಮೀ.ನಲ್ಲಿದೆ. ಇಂಟಿಗ್ರೇಟರ್, ಮಿತಿ ಮುಟ್ಟಿದಾಗ ಅದನ್ನು ನಿಲ್ಲಿಸುವ ಸಾಲು, ಎರಡೂ ಇವೆ. ಶೇ. 20 ಮಣ್ಣು ಅಂಟಿಸಿದರೆ ಕಣ್ಣಿಗೆ ಕಾಣುವಂತೆ ತಗ್ಗಿ ಮರಳುತ್ತದೆ. ಗೈಡ್ ಅವರಿಗಾಗಿ ಅಬ್ಸರ್ವರ್ ಆವೃತ್ತಿಯನ್ನೂ ಬರೆದು ಎರಡನ್ನೂ ಹೋಲಿಸುತ್ತೇನೆ. ಚಾಟರ್‌ಪ್ರಿಯ ಅವರೇ, ಟೇಬಲ್ ಫ್ಯಾನ್ ಇಟ್ಟು ಸೂಪರ್-ಟ್ವಿಸ್ಟಿಂಗ್ ಪರೀಕ್ಷೆಯನ್ನೂ ಮಾಡುತ್ತೇನೆ.

ವರದಿಯಲ್ಲಿ “ಗ್ಲೋಬಲ್” ಹೋಗಿದೆ. ಅದರ ಜಾಗದಲ್ಲಿ ಹೀಗೆ ಬರೆದಿದ್ದೇನೆ: “ಗುಂಡು ಸಮತೋಲನದಿಂದ 2 ಮಿ.ಮೀ. ಒಳಗೆ ನಿಶ್ಚಲ ಸ್ಥಿತಿಯಿಂದ ಹೊರಟು, ಹೊರಗಿನ ಬಲ ಅದರ ತೂಕದ ಶೇ. 20 ಮೀರದಿದ್ದರೆ, ಕರೆಂಟ್ ಮಿತಿಯನ್ನು ಮುಟ್ಟದೆ ಸಮತೋಲನಕ್ಕೆ ಮರಳುತ್ತದೆ.” ಸರಿಯೇ?

ಶೂನ್ಯಾಭಿಮುಖ · ಶನಿವಾರ, ರಾತ್ರಿ 9:00

ಬಹಳ ಸುಧಾರಿಸಿದೆ. ಎರಡು ತಿದ್ದುಪಡಿ. “ಸಮತೋಲನಕ್ಕೆ ಮರಳುತ್ತದೆ” ಎಂಬುದು ಬಲ ಬದಲಾಗದೆ ಇದ್ದಾಗ ಮಾತ್ರ. ಬದಲಾಗುವ ಬಲಕ್ಕೆ “ಸಮತೋಲನದ ಸುತ್ತ ಇಷ್ಟು ಮಿ.ಮೀ. ಒಳಗೆ ಉಳಿಯುತ್ತದೆ” ಎಂದು ಬರೆದು ಆ ಸಂಖ್ಯೆಯನ್ನು ಕೊಡಿ. ಎರಡನೆಯದು, 2 ಮಿ.ಮೀ. ಮತ್ತು ಶೇ. 20 ಎರಡೂ ಒಟ್ಟಿಗೆ ಬಂದಾಗ, ಅದೂ ಕೆಟ್ಟ ದಿಕ್ಕಿನಲ್ಲಿ ಬಂದಾಗ, ಕರೆಂಟ್ ಎಷ್ಟಾಗುತ್ತದೆ ಎಂದು ನೋಡಿದ್ದೀರಾ? ಬೇರೆಬೇರೆಯಾಗಿ ಪರೀಕ್ಷಿಸಿ ಒಂದೇ ವಾಕ್ಯದಲ್ಲಿ ಸೇರಿಸುವಂತಿಲ್ಲ. ಮೇಲ್ಮುಖದ ಬಲವನ್ನೂ ನೋಡಿ. ನಿಮ್ಮ ಸುರುಳಿ ಸೆಳೆಯಬಲ್ಲದು, ತಳ್ಳಲಾರದು. ಕರೆಂಟ್ ಸೊನ್ನೆಗಿಂತ ಕೆಳಗಿಳಿದು ಪ್ರಯೋಜನವಿಲ್ಲ, ಕೆಳಕ್ಕೆ ಎಳೆಯಲು ನಿಮ್ಮಲ್ಲಿರುವುದು ಗುರುತ್ವ ಮಾತ್ರ.

ಬೆಸುಗೆಗಾರ · ಶನಿವಾರ, ರಾತ್ರಿ 9:25

ಉಪಕರಣವನ್ನು ಒಂದು ಗಂಟೆ ಚಾಲೂ ಇಟ್ಟು ಆಮೇಲೆ ಅಳೆಯಿರಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. ಸುರುಳಿ 40 ಡಿಗ್ರಿ ಬಿಸಿಯಾದರೆ ಶೇ. 16ರ ಹತ್ತಿರ. ಕರೆಂಟ್ ಲೂಪ್ ಅದನ್ನು ಸರಿದೂಗಿಸುತ್ತದೆ, ಆದರೆ 24 ವೋಲ್ಟ್‌ನಲ್ಲಿ 2 ಆಂಪಿಯರ್ ಎಷ್ಟು ಬೇಗ ಏರುತ್ತದೆ ಎಂಬುದು ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಇನ್ನೊಂದು.

ತುಂಗಾತೀರ · ಶನಿವಾರ, ರಾತ್ರಿ 9:40

ಮೇಡಂ, ಎರಡೂ ಒಟ್ಟಿಗೆ ನೋಡಿಲ್ಲ. ಸೋಮವಾರ ಲ್ಯಾಬ್ ತೆರೆದ ಕೂಡಲೇ ಬಿಸಿ ಸುರುಳಿಯಲ್ಲೇ ಆ ಪರೀಕ್ಷೆ ಮಾಡಿ, ಕರೆಂಟಿನ ಗ್ರಾಫನ್ನು ಇಲ್ಲೇ ಹಾಕುತ್ತೇನೆ.